ಡಿಎಸ್‌ಎಲ್‌ಆರ್‌ಗೆ ಒಂದೇ ಲೆನ್ಸ್: ದಿನಬಳಕೆಗೆ ಯಾವುದನ್ನು ಆರಿಸಬೇಕು, ಹೇಗೆ?

ಕ್ಯಾಮೆರಾ ಜೊತೆಗೆ ಬಂದ 18-55 ಮಿ.ಮೀ. ಕಿಟ್ ಲೆನ್ಸ್‌ನಲ್ಲಿ ಒಂದೆರಡು ವರ್ಷ ಚಿತ್ರ ತೆಗೆದವರಿಗೆ ಒಂದಲ್ಲ ಒಂದು ದಿನ ಅದು ಸಾಲದು ಅನ್ನಿಸುತ್ತದೆ. ಆಗ ಹೆಚ್ಚಿನವರು ಮೊದಲು ಹುಡುಕುವುದು ದೂರದ್ದನ್ನು ಹತ್ತಿರಕ್ಕೆ ಎಳೆಯುವ ಲೆನ್ಸನ್ನು. 18-300, 18-400 ಎಂಬ ಅಂಕಿಗಳು ಕಣ್ಣು ಸೆಳೆಯುತ್ತವೆ. ಆದರೆ ಮನೆ, ಮದುವೆ, ಜಾತ್ರೆ, ಪ್ರವಾಸಗಳಲ್ಲಿ ಚಿತ್ರ ಕೆಡುವುದಕ್ಕೆ ಸಾಮಾನ್ಯವಾಗಿ ಬೇರೆ ಎರಡು ಕಾರಣಗಳಿರುತ್ತವೆ: ಹಿಂದಕ್ಕೆ ಸರಿಯಲು ಜಾಗ ಇರುವುದಿಲ್ಲ, ಇಲ್ಲವೇ ಬೆಳಕು ಸಾಲುವುದಿಲ್ಲ. ಹಾಗಾಗಿ ದಿನಬಳಕೆಯ ಲೆನ್ಸ್ ಕೊಳ್ಳುವಾಗ ಅದರ ಹೆಸರಿನಲ್ಲಿರುವ ಮೊದಲ ಸಂಖ್ಯೆಯನ್ನು (ಚಿಕ್ಕದಾದಷ್ಟೂ ಅಗಲ ಹೆಚ್ಚು) ನೋಡಿ, ನಂತರ ಎಫ್ ಸಂಖ್ಯೆಯನ್ನು (ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು) ನೋಡಿ, ದೂರವನ್ನು ಹೇಳುವ ಕೊನೆಯ ಸಂಖ್ಯೆಯನ್ನು ಕೊನೆಗೇ ನೋಡಿ.

ಈಗ ಕೊಳ್ಳಲು ಕಾಲವೂ ಒಳ್ಳೆಯದಿದೆ. 2018ರಲ್ಲಿ ನಿಕಾನ್ ಝಡ್ ಸರಣಿಯನ್ನೂ ಕ್ಯಾನನ್ ಆರ್ ಸರಣಿಯನ್ನೂ ತಂದ ಮೇಲೆ ಎರಡೂ ಕಂಪನಿಗಳ ಗಮನ ಮಿರರ್‌ಲೆಸ್ (ಡಿಎಸ್‌ಎಲ್‌ಆರ್‌ನಂತೆ ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳ ಕಡೆಗೆ ಹೊರಳಿತು. ಮಿರರ್‌ಲೆಸ್‌ಗೆ ಹೋದವರು ಬಿಟ್ಟ ಒಳ್ಳೊಳ್ಳೆಯ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿವೆ. ಇಲ್ಲಿ ಹೇಳುವುದೆಲ್ಲ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ನಿಕಾನ್ ಡಿ5600, ಡಿ7500, ಕ್ಯಾನನ್ 200ಡಿ, 80ಡಿ ಬಗೆಯ ಕ್ರಾಪ್ ಸೆನ್ಸರ್ (ದೊಡ್ಡ ‘ಫುಲ್ ಫ್ರೇಮ್’ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

1. ಮೊದಲು ಹಳೆಯ ಚಿತ್ರಗಳ ಲೆಕ್ಕ ತೆಗೆಯಿರಿ

ಇದಕ್ಕೆ ಒಂದು ಸಂಜೆ ಸಾಕು, ಖರ್ಚೂ ಇಲ್ಲ. ಯಾವ ಅಂಗಡಿಯವರ ಸಲಹೆಗಿಂತಲೂ ಇದೇ ಹೆಚ್ಚು ನಂಬಿಕೆಗೆ ಅರ್ಹ. ಪ್ರತಿ ಚಿತ್ರದ ಫೈಲಿನೊಳಗೂ ಅದನ್ನು ಎಷ್ಟು ಮಿ.ಮೀ.ಯಲ್ಲಿ, ಯಾವ ಅಪರ್ಚರ್ (ಲೆನ್ಸ್ ಬೆಳಕಿಗೆ ತೆರೆಯುವ ಕಿಂಡಿ, ಇದನ್ನೇ ಎಫ್ ಸಂಖ್ಯೆಯಲ್ಲಿ ಹೇಳುವುದು), ಶಟರ್ (ಬೆಳಕು ಬೀಳುವ ಸಮಯ), ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಇಟ್ಟು ತೆಗೆದದ್ದು ಎಂಬುದು ದಾಖಲಾಗಿರುತ್ತದೆ. ಕಳೆದ ಒಂದು ವರ್ಷದಲ್ಲಿ ತೆಗೆದ ಚಿತ್ರಗಳಲ್ಲಿ ನೀವು ಇಷ್ಟಪಟ್ಟು ಉಳಿಸಿಕೊಂಡ, ಪ್ರಿಂಟ್ ಹಾಕಿಸಿದ, ನೆಂಟರಿಷ್ಟರಿಗೆ ಕಳಿಸಿದ 200–300 ಚಿತ್ರಗಳನ್ನಷ್ಟೇ ಒಂದು ಫೋಲ್ಡರ್‌ಗೆ ಹಾಕಿ. ವಿಂಡೋಸ್‌ನಲ್ಲಿ ಆ ಫೋಲ್ಡರನ್ನು ‘ಡೀಟೇಲ್ಸ್’ ನೋಟಕ್ಕೆ ತನ್ನಿ. ಕಾಲಂಗಳ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ, ‘ಮೋರ್’ ಒತ್ತಿ, ‘ಫೋಕಲ್ ಲೆಂತ್’ (ಮಿ.ಮೀ.), ಐಎಸ್‌ಒ, ಶಟರ್ ತೋರಿಸುವ ‘ಎಕ್ಸ್‌ಪೋಷರ್ ಟೈಮ್’ ಕಾಲಂಗಳನ್ನು ಸೇರಿಸಿ. ಫೋಕಲ್ ಲೆಂತ್ ತಲೆಬರಹವನ್ನು ಒತ್ತಿದರೆ ಚಿತ್ರಗಳು ಮಿ.ಮೀ. ಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ. ಲೈಟ್‌ರೂಮ್ ಬಳಸುವವರಿಗೆ ಲೈಬ್ರರಿಯ ಮೆಟಾಡೇಟಾ ಫಿಲ್ಟರ್‌ನಲ್ಲೇ ಈ ಎಣಿಕೆ ಸಿಗುತ್ತದೆ.

ಸಾಲನ್ನು ಓದುವುದು ಹೀಗೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಚಿತ್ರಗಳು 18ಕ್ಕೇ ಬಂದು ನಿಂತಿದ್ದರೆ ನಿಮಗೆ ಬೇಕಿರುವುದು ಇನ್ನೂ ಅಗಲ. 55ರಲ್ಲಿ ಗುಂಪುಗಟ್ಟಿದ್ದರೆ ದೂರ ಬೇಕು. ಆದರೆ ಎಷ್ಟು ದೂರ? ಆ ಚಿತ್ರಗಳನ್ನು ಆಮೇಲೆ ಎಷ್ಟು ಕತ್ತರಿಸಿದ್ದೀರಿ ನೋಡಿ. ಅಗಲದಲ್ಲಿ ಅರ್ಧಕ್ಕೆ ಇಳಿಸಿದ್ದರೆ 110 ಮಿ.ಮೀ. ಸಾಕಿತ್ತು, ಮೂರನೇ ಒಂದಕ್ಕೆ ಇಳಿಸಿದ್ದರೆ 165 ಬೇಕಿತ್ತು. ಬಹಳಷ್ಟು ಜನರ ಲೆಕ್ಕ 140ರೊಳಗೇ ಮುಗಿಯುತ್ತದೆ. ಚಿತ್ರಗಳು ನಡುವೆ ಹರಡಿಕೊಂಡಿದ್ದು, ಐಎಸ್‌ಒ ಕಾಲಂ ಮಾತ್ರ 3200, 6400 ಎಂದು ತೋರಿಸುತ್ತಿದ್ದರೆ, ಶಟರ್ 1/30, 1/20ಕ್ಕೆ ಇಳಿದು ಮುಖಗಳು ಅಲುಗಿದ್ದರೆ, ನಿಮ್ಮ ತೊಂದರೆ ಬೆಳಕಿನದು. ಅದಕ್ಕೆ ಎಷ್ಟು ಉದ್ದದ ಜೂಮ್ ತಂದರೂ ಪರಿಹಾರವಿಲ್ಲ.

2. ನಿಮ್ಮ ಕ್ಯಾಮೆರಾದ ಬಾಡಿ ಮೇಲೆ ಯಾವುದು ಕೂರುತ್ತದೆ?

ಕ್ಯಾನನ್‌ನಲ್ಲಿ ಇದು ಸುಲಭ. ಲೆನ್ಸಿನ ಬುಡದಲ್ಲಿ ಕೆಂಪು ಚುಕ್ಕೆ ಇದ್ದರೆ ಇಎಫ್, ಬಿಳಿ ಚೌಕ ಇದ್ದರೆ ಇಎಫ್-ಎಸ್. 200ಡಿ, 80ಡಿಗಳ ಮೌಂಟ್ (ಲೆನ್ಸ್ ಕೂರುವ ಬಳೆ) ಮೇಲೆ ಎರಡೂ ಗುರುತುಗಳಿವೆ, ಎರಡೂ ಕೂರುತ್ತವೆ. 6ಡಿ, 5ಡಿಯಂಥ ಫುಲ್ ಫ್ರೇಮ್ ಬಾಡಿಗಳಿಗೆ ಇಎಫ್-ಎಸ್ ಕೂರುವುದಿಲ್ಲ.

ನಿಕಾನ್‌ನಲ್ಲಿ ಎಡವುವವರು ಹೆಚ್ಚು, ಏಕೆಂದರೆ ಅಲ್ಲಿ ಲೆನ್ಸ್ ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ‘ಎಎಫ್-ಡಿ’ ಎಂದು ಬರೆದಿರುವ ಹಳೆಯ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ‘ಎಎಫ್-ಎಸ್’ ಎಂದಿದ್ದರೆ ಚಿಂತೆಯಿಲ್ಲ, ಮೋಟರ್ ಲೆನ್ಸಿನೊಳಗೇ ಇದೆ. ‘ಎಎಫ್-ಪಿ’ ಹೊಸ ಬಗೆಯದು. ಡಿ90, ಡಿ3200, ಡಿ5100, ಡಿ7000ಗಳಲ್ಲಿ ಅದು ಫೋಕಸ್ ಆಗುವುದೇ ಇಲ್ಲ. ಅದರ ಫೋಕಸ್ ರಿಂಗ್ ಕೂಡ ವಿದ್ಯುತ್ ಸಂಕೇತದಿಂದಲೇ ನಡೆಯುವುದರಿಂದ ಕೈಯಿಂದ ತಿರುಗಿಸಿದರೂ ಪ್ರಯೋಜನವಿಲ್ಲ. 16-80ರಂತೆ ಎಫ್ ಸಂಖ್ಯೆಯ ಪಕ್ಕದಲ್ಲಿ ‘ಇ’ ಅಕ್ಷರ ಇರುವ ಲೆನ್ಸ್‌ಗಳ ಅಪರ್ಚರ್ ಅನ್ನು ಡಿ90, ಡಿ3000ದಂಥ ಹಳೆಯ ಬಾಡಿಗಳು ನಿಯಂತ್ರಿಸಲಾರವು. ಸಿಗ್ಮಾ, ಟ್ಯಾಮ್ರಾನ್‌ನ ಹಳೆಯ ಲೆನ್ಸ್ ಕೊಳ್ಳುವುದಾದರೆ ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ ನೋಡದೆ ಹಣ ಕೊಡಬೇಡಿ.

3. ಮೊದಲ ಸಂಖ್ಯೆ: ಎಷ್ಟು ಅಗಲ?

ಒಂದು ಸಣ್ಣ ಲೆಕ್ಕ ಕಲಿತರೆ ಮುಂದಿನದೆಲ್ಲ ಸ್ಪಷ್ಟವಾಗುತ್ತದೆ. ಸೆನ್ಸರಿನ ಅಗಲವನ್ನು ಲೆನ್ಸಿನ ಮಿ.ಮೀ.ಯಿಂದ ಭಾಗಿಸಿ, ವಸ್ತು ಇರುವ ದೂರದಿಂದ ಗುಣಿಸಿ. ಬರುವುದು ಚಿತ್ರದಲ್ಲಿ ಹಿಡಿಯುವ ಅಗಲ. ನಿಕಾನ್ ಕ್ರಾಪ್ ಸೆನ್ಸರಿನ ಅಗಲ 23.5 ಮಿ.ಮೀ., ಕ್ಯಾನನ್‌ದು 22.3.

ಹಜಾರದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತರೂ ಎದುರಿನ ಸಾಲಿಗೆ 3 ಮೀಟರ್ ದೂರ ಸಿಗುತ್ತದೆ ಎಂದುಕೊಳ್ಳಿ. ನಿಕಾನ್‌ನಲ್ಲಿ 18 ಮಿ.ಮೀ.ಗೆ 3.9 ಮೀಟರ್ ಅಗಲ ಹಿಡಿಯುತ್ತದೆ, 16 ಮಿ.ಮೀ.ಗೆ 4.4 ಮೀಟರ್. ಎರಡು ಮಿ.ಮೀ. ವ್ಯತ್ಯಾಸದಲ್ಲಿ ಅರ್ಧ ಮೀಟರ್, ಅಂದರೆ ಸಾಲಿನ ತುದಿಯಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ. ದೂರದ ತುದಿಯಲ್ಲಿ 138 ಮತ್ತು 140ರ ನಡುವೆ ಇದೇ ಎರಡು ಮಿ.ಮೀ. ಯಾರಿಗೂ ಗೊತ್ತಾಗುವುದಿಲ್ಲ. ಅಗಲದ ಕಡೆ ಒಂದೊಂದು ಮಿ.ಮೀ.ಗೂ ಬೆಲೆಯಿದೆ.

ಬೇಲೂರಿನ ದೇವಸ್ಥಾನದ ಒಳಗಾಗಲಿ ವಿಜಯಪುರದ ಗೋಲ್ ಗುಮ್ಮಟದ ಒಳಗಾಗಲಿ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಕಟ್ಟಡಗಳ ಚಿತ್ರವೇ ಮುಖ್ಯ ಎನ್ನುವವರು ನಿಕಾನ್‌ನಲ್ಲಿ 16-80 ಅಥವಾ 16-85, ಕ್ಯಾನನ್‌ನಲ್ಲಿ 15-85 ನೋಡಬೇಕು. ಇಷ್ಟು ಅಗಲದಲ್ಲಿ ಕ್ಯಾಮೆರಾ ತುಸು ಮೇಲಕ್ಕೆತ್ತಿದರೂ ಕಂಬಗಳು ಒಳಕ್ಕೆ ವಾಲಿದಂತೆ ಕಾಣುತ್ತವೆ, ಚಿತ್ರದ ಅಂಚಿನಲ್ಲಿ ನಿಂತವರ ಮುಖ ಅಗಲಕ್ಕೆ ಹಿಗ್ಗುತ್ತದೆ. ಅದು ಲೆನ್ಸಿನ ದೋಷವಲ್ಲ. ಗುಂಪಿನ ಚಿತ್ರದಲ್ಲಿ ಅಂಚಿಗೆ ತುಸು ಖಾಲಿ ಜಾಗ ಬಿಟ್ಟರೆ ಸರಿಹೋಗುತ್ತದೆ.

ಇಲ್ಲೇ ಒಂದು ದುಬಾರಿ ತಪ್ಪಿನ ಬಗ್ಗೆ ಎಚ್ಚರಿಸಬೇಕು. ‘ಮುಂದೆ ಫುಲ್ ಫ್ರೇಮ್ ಕೊಂಡಾಗ ಬೇಕಾಗುತ್ತದೆ’ ಎಂದು ಕೆಲವರು ಕ್ರಾಪ್ ಬಾಡಿಗೆ 24-105 ಎಫ್/4 ಅಥವಾ 24-120 ಎಫ್/4 ಕೊಳ್ಳುತ್ತಾರೆ. ಅತ್ಯುತ್ತಮ ಲೆನ್ಸ್‌ಗಳೇ, ಆದರೆ ಫುಲ್ ಫ್ರೇಮ್‌ಗೆ. ಮೇಲಿನ ಲೆಕ್ಕದಲ್ಲಿ 24 ಮಿ.ಮೀ. ಹಾಕಿ ನೋಡಿ: 3 ಮೀಟರ್ ದೂರದಲ್ಲಿ ಹಿಡಿಯುವುದು 2.9 ಮೀಟರ್ ಮಾತ್ರ. ಮನೆಯೊಳಗಿನ ಅರ್ಧ ಚಿತ್ರಗಳು ಕೈತಪ್ಪುತ್ತವೆ. ಇಂದಿನ ಕ್ಯಾಮೆರಾಕ್ಕೆ ಇಂದಿನ ಲೆನ್ಸ್ ಕೊಳ್ಳಿ.

4. ಬೆಳಕು: ಎಫ್ ಸಂಖ್ಯೆ ಮತ್ತು ಕಂಪನ ನಿರೋಧಕ, ಎರಡರ ಕೆಲಸ ಬೇರೆ

ಎಫ್/2.8ರಲ್ಲಿ ಒಳಬರುವ ಬೆಳಕು ಎಫ್/5.6ರ ನಾಲ್ಕು ಪಟ್ಟು. ಕಲ್ಯಾಣ ಮಂಟಪದಲ್ಲಿ ಎಫ್/2.8, 1/125 ಸೆಕೆಂಡ್, ಐಎಸ್‌ಒ 3200 ಸರಿಹೊಂದುತ್ತದೆ ಎನ್ನಿ. ಅದೇ ಜಾಗದಲ್ಲಿ ಕಿಟ್ ಲೆನ್ಸಿನ 55 ಮಿ.ಮೀ. ತುದಿಯಲ್ಲಿ ಎಫ್/5.6 ಮಾತ್ರ ಸಿಗುವುದರಿಂದ ಶಟರ್ 1/30ಕ್ಕೆ ಇಳಿಯಬೇಕು, ಇಲ್ಲವೇ ಐಎಸ್‌ಒ 12,800ಕ್ಕೆ ಏರಬೇಕು. 1/30ರಲ್ಲಿ ಧಾರೆ ಎರೆಯುವ ಕೈ ಮಸುಕಾಗುತ್ತದೆ, 12,800ರಲ್ಲಿ ರೇಷ್ಮೆ ಸೀರೆಯ ಬಣ್ಣದ ಮೇಲೆ ಕಾಳುಕಾಳು ಎದ್ದು ಕಾಣುತ್ತದೆ.

ಲೆನ್ಸಿನ ಹೆಸರಿನಲ್ಲಿ ನಿಕಾನ್ ‘ವಿಆರ್’, ಕ್ಯಾನನ್ ‘ಐಎಸ್’, ಸಿಗ್ಮಾ ‘ಓಎಸ್’, ಟ್ಯಾಮ್ರಾನ್ ‘ವಿಸಿ’ ಎಂದು ಬರೆಯುವುದೆಲ್ಲ ಒಂದೇ: ನಿಮ್ಮ ಕೈಯ ನಡುಕವನ್ನು ತಡೆಯುವ ಏರ್ಪಾಡು. ಎದುರಿಗಿರುವವರ ಚಲನೆಯನ್ನು ಅದು ತಡೆಯಲಾರದು. ಹೀಗಾಗಿ ಯಾವುದು ಬೇಕೆಂಬುದು ನೀವು ಏನನ್ನು ತೆಗೆಯುತ್ತೀರಿ ಎಂಬುದರ ಮೇಲಿದೆ. ದೇವಸ್ಥಾನದ ನವರಂಗದ ಕತ್ತಲಲ್ಲಿ ಕಂಬದ ಕೆತ್ತನೆ ತೆಗೆಯುವಾಗ ಶಿಲ್ಪ ಅಲುಗುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪ್ರತ್ಯೇಕ ಅನುಮತಿ ಬೇಕಾಗುವುದರಿಂದ ಅಲ್ಲಿ ಕಂಪನ ನಿರೋಧಕವೇ ಆಸರೆ. ಕಂಬಕ್ಕೆ ಭುಜ ಆನಿಸಿ, ಉಸಿರು ಹಿಡಿದು, ಮೂರು ನಾಲ್ಕು ಚಿತ್ರ ಒಟ್ಟಿಗೆ ತೆಗೆದರೆ 1/8 ಸೆಕೆಂಡಿನಲ್ಲೂ ಒಂದಾದರೂ ಚೊಕ್ಕವಾಗಿ ಬರುತ್ತದೆ. ತಯಾರಕರು ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಶಟರ್ ಸಮಯ ಎರಡು ಪಟ್ಟು) ಲಾಭ ಎಂದರೆ ಎರಡೂವರೆ, ಮೂರು ಎಂದು ಎಣಿಸಿಕೊಳ್ಳುವುದು ಕ್ಷೇಮ.

ಯಕ್ಷಗಾನ ಹಾಗಲ್ಲ. ಧೀಂಗಿಣ (ಸುತ್ತುತ್ತ ಹಾರುವ ಕುಣಿತ) ಹಾಕುವ ವೇಷವನ್ನು ಹಿಡಿಯಲು ಕನಿಷ್ಠ 1/250 ಬೇಕು, 1/500 ಇದ್ದರೆ ಒಳ್ಳೆಯದು. ಫ್ಲ್ಯಾಶ್ ಹಾಕಿ ಕಲಾವಿದರ ಕಣ್ಣು ಕುಕ್ಕಬಾರದು. ಇಲ್ಲಿ ವಿಆರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಎಫ್/2.8 ಬೇಕೇ ಬೇಕು. ಆಡುವ ಮಕ್ಕಳು, ಕೋಲಾಟ, ರಾತ್ರಿಯ ತೇರು ಇದೇ ಸಾಲಿಗೆ ಸೇರುತ್ತವೆ.

ಎಫ್/3.5-5.6 ಎಂದು ಎರಡು ಸಂಖ್ಯೆ ಇರುವ ಲೆನ್ಸ್‌ಗಳಲ್ಲಿ ಇನ್ನೊಂದು ತೊಡಕಿದೆ. ಮ್ಯಾನುಯಲ್ ಮೋಡ್‌ನಲ್ಲಿ 18 ಮಿ.ಮೀ.ಗೆ ಎಫ್/3.5 ಇಟ್ಟು ಹಾಗೆಯೇ ಜೂಮ್ ಮಾಡಿದರೆ ಅಪರ್ಚರ್ ತಾನಾಗಿಯೇ ಎಫ್/5.6ಕ್ಕೆ ಇಳಿದು ಚಿತ್ರ ಕಪ್ಪಾಗುತ್ತದೆ. ಮ್ಯಾನುಯಲ್‌ನಲ್ಲಿ ತೆಗೆಯುವವರು ಮೊದಲೇ ಎಫ್/5.6 ಇಟ್ಟುಕೊಳ್ಳಿ, ಇಲ್ಲವೇ ಐಎಸ್‌ಒ ಅನ್ನು ಆಟೋಗೆ ಬಿಡಿ.

5. ಯಾರಿಗೆ ಯಾವುದು?

ಹಗಲಿನ ಪ್ರವಾಸ, ಮನೆಯವರ ಚಿತ್ರ, ಶಾಲೆಯ ವಾರ್ಷಿಕೋತ್ಸವ, ಜಾತ್ರೆ ಎಲ್ಲಕ್ಕೂ ಒಂದೇ ಬೇಕೆನ್ನುವವರಿಗೆ ನಿಕಾನ್‌ನಲ್ಲಿ 18-140 ಎಫ್/3.5-5.6 ವಿಆರ್ (490 ಗ್ರಾಂ), ಕ್ಯಾನನ್‌ನಲ್ಲಿ 18-135 ಎಫ್/3.5-5.6 ಐಎಸ್ ಯುಎಸ್‌ಎಂ (515 ಗ್ರಾಂ). ಎರಡಕ್ಕೂ 67 ಮಿ.ಮೀ. ಫಿಲ್ಟರ್. ನಿಕಾನ್‌ನದು 45 ಸೆ.ಮೀ.ವರೆಗೆ, ಕ್ಯಾನನ್‌ನದು 39 ಸೆ.ಮೀ.ವರೆಗೆ ಹತ್ತಿರ ಹೋಗಿ ಫೋಕಸ್ ಮಾಡುತ್ತದೆ. ಹೂವು, ಊಟದೆಲೆ, ಒಡವೆಗೆ ಇಷ್ಟು ಸಾಕು. ಕ್ಯಾನನ್ 18-135ರಲ್ಲಿ ಇನ್ನೂ ಎರಡು ಬಗೆಗಳಿವೆ. ಎಸ್‌ಟಿಎಂ (ಯುಎಸ್‌ಎಂನಂತೆ ಇದೂ ಫೋಕಸ್ ಮೋಟರಿನ ಹೆಸರು) ಆದರೂ ಒಳ್ಳೆಯದೇ. ಇವೆರಡೂ ಹೆಸರಿನಲ್ಲಿಲ್ಲದ ಮೊದಲಿನದನ್ನು ಬಿಟ್ಟುಬಿಡಿ, ಅದರ ಫೋಕಸ್ ನಿಧಾನ, ಸದ್ದೂ ಹೆಚ್ಚು.

ಬಜೆಟ್ ಒಗ್ಗುವುದಾದರೆ ನಿಕಾನ್‌ನವರಿಗೆ 16-80 ಎಫ್/2.8-4ಇ ವಿಆರ್ ಅತ್ಯಂತ ಸಮತೋಲನದ ಆಯ್ಕೆ ಎಂದು ಧೈರ್ಯವಾಗಿ ಹೇಳಬಹುದು. ಅಗಲವೂ ಇದೆ, 80 ಮಿ.ಮೀ.ಯಲ್ಲೂ ಎಫ್/4 ಸಿಗುತ್ತದೆ, ತೂಕ 480 ಗ್ರಾಂ ಅಷ್ಟೇ. ಹೊಸದರ ಬೆಲೆ ಕಂಡು ಹಿಂಜರಿದವರು ಸೆಕೆಂಡ್ ಹ್ಯಾಂಡ್‌ನಲ್ಲಿ ಇದನ್ನು ಹುಡುಕಬೇಕು.

ಮದುವೆ, ವೇದಿಕೆ, ಯಕ್ಷಗಾನವೇ ಹೆಚ್ಚಾದರೆ ಸಿಗ್ಮಾ 17-50 ಎಫ್/2.8 ಓಎಸ್ (565 ಗ್ರಾಂ) ಅಥವಾ ಕ್ಯಾನನ್ 17-55 ಎಫ್/2.8 ಐಎಸ್ (645 ಗ್ರಾಂ). ಬೆಳಕಿಗಾಗಿ ಇಲ್ಲಿ ದೂರವನ್ನು ಬಿಟ್ಟುಕೊಡುತ್ತೀರಿ, ಭಾರವನ್ನೂ ಹೊರುತ್ತೀರಿ. ಡಿ5600 ಬ್ಯಾಟರಿ ಸೇರಿ ಸುಮಾರು 465 ಗ್ರಾಂ. ಅದಕ್ಕೆ ಈ ಲೆನ್ಸ್ ಹಾಕಿದರೆ ಕ್ಯಾಮೆರಾ ಮುಂದಕ್ಕೆ ವಾಲುತ್ತದೆ, ಎಡಗೈ ಸದಾ ಲೆನ್ಸಿನ ಕೆಳಗಿರಬೇಕು.

ಇವ್ಯಾವುದಕ್ಕೂ ಹಣ ಹಾಕದೆ ಇರುವ ದಾರಿಯೂ ಇದೆ. 18-55 ಅನ್ನು ಹಾಗೆಯೇ ಇಟ್ಟುಕೊಂಡು ಒಂದು ಹಗುರ ಪ್ರೈಮ್ (ಜೂಮ್ ಇಲ್ಲದ, ಒಂದೇ ಮಿ.ಮೀ.ಯ) ಲೆನ್ಸ್ ಸೇರಿಸಿ. ನಿಕಾನ್‌ಗೆ 35 ಮಿ.ಮೀ. ಎಫ್/1.8ಜಿ ಡಿಎಕ್ಸ್ (200 ಗ್ರಾಂ), ಕ್ಯಾನನ್‌ಗೆ 24 ಮಿ.ಮೀ. ಎಫ್/2.8 ಎಸ್‌ಟಿಎಂ (125 ಗ್ರಾಂ). ‘ಅಗ್ಗದ 50 ಮಿ.ಮೀ. ಎಫ್/1.8 ತಗೊಳ್ಳಿ’ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಒಂಟಿ ಭಾವಚಿತ್ರಕ್ಕೆ ಅದು ಸುಂದರ, ಆದರೆ ದಿನಬಳಕೆಗೆ ಒಗ್ಗುವುದಿಲ್ಲ. ನಿಂತ ವ್ಯಕ್ತಿಯನ್ನು ತಲೆಯಿಂದ ಪಾದದವರೆಗೆ, ಸುತ್ತ ತುಸು ಜಾಗ ಬಿಟ್ಟು ಹಿಡಿಯಲು ಕ್ಯಾನನ್ ಕ್ರಾಪ್ ಬಾಡಿಯಲ್ಲಿ 50 ಮಿ.ಮೀ.ಗೆ ನಾಲ್ಕೂವರೆ ಮೀಟರ್ ಹಿಂದೆ ನಿಲ್ಲಬೇಕು. ಹತ್ತು–ಹನ್ನೆರಡು ಅಡಿಯ ಕೋಣೆಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ನಿಕಾನ್‌ನಲ್ಲಿ 35ಕ್ಕೆ 3 ಮೀಟರ್, ಕ್ಯಾನನ್‌ನಲ್ಲಿ 24ಕ್ಕೆ ಎರಡು ಮೀಟರ್ ಚಿಲ್ಲರೆ ಸಾಕು.

18-300, ಟ್ಯಾಮ್ರಾನ್ 18-400ರ ಬಗ್ಗೆ ಹೇಳುವುದಾದರೆ, ಧೂಳಿನಲ್ಲಿ ಲೆನ್ಸ್ ಬದಲಿಸಲಾಗದ ಸುತ್ತಾಟಗಾರರಿಗೆ, ರಂಗನತಿಟ್ಟಿನ ದೋಣಿಯಲ್ಲಿ ಕೂತು ಹಕ್ಕಿಯನ್ನೂ ಮನೆಯವರನ್ನೂ ಒಂದೇ ಲೆನ್ಸಿನಲ್ಲಿ ತೆಗೆಯುವವರಿಗೆ ಅವು ಸರಿ. ಉಳಿದವರಿಗೆ ಬೇಡ. ದೂರದ ತುದಿಯಲ್ಲಿ ಎಫ್/6.3 ಮಾತ್ರ ಸಿಗುವುದರಿಂದ ಮುಂಜಾನೆಯ ಮಂದ ಬೆಳಕಿನಲ್ಲಿ ಫೋಕಸ್ ತಡವರಿಸುತ್ತದೆ. 18-400 ಸುಮಾರು 700 ಗ್ರಾಂ ತೂಗುತ್ತದೆ. ಅಷ್ಟು ಭಾರವಾದ ಲೆನ್ಸ್ ಮೆಲ್ಲನೆ ಮನೆಯಲ್ಲೇ ಉಳಿಯಲು ಶುರುವಾಗುತ್ತದೆ. ಮನೆಯಲ್ಲಿ ಉಳಿದ ಮೇಲೆ ಅದು ದಿನಬಳಕೆಯದು ಹೇಗಾದೀತು?

ತೀರ್ಮಾನ ಆಗದಿದ್ದರೆ ಎರಡು ದಿನ ಬಾಡಿಗೆಗೆ ತನ್ನಿ. ಬೆಂಗಳೂರಿನಂಥ ನಗರಗಳಲ್ಲಿ ಗುರುತಿನ ಚೀಟಿ, ಮುಂಗಡ ಪಡೆದು ದಿನದ ಲೆಕ್ಕದಲ್ಲಿ ಲೆನ್ಸ್ ಕೊಡುವವರಿದ್ದಾರೆ.

6. ಕೊಂಡ ದಿನವೇ ಪರೀಕ್ಷಿಸಿ

ಹೊಸದಾದರೂ ಸರಿ, ಹಳೆಯದಾದರೂ ಸರಿ, ವಾಪಸು ಕೊಡುವ ಅವಧಿ ಮುಗಿಯುವ ಮೊದಲು ಇದನ್ನು ಮಾಡಲೇಬೇಕು. ದಿನಪತ್ರಿಕೆಯ ಐದು ಹಾಳೆಗಳನ್ನು ಗೋಡೆಗೆ ಅಂಟಿಸಿ: ಚಿತ್ರದ ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಗೋಡೆಗೆ ನೇರ ಎದುರಾಗಿ ನಿಲ್ಲಿಸಿ, ವಿಆರ್ ಅಥವಾ ಐಎಸ್ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಡಿ. 18, 35, 70 ಮತ್ತು ಕೊನೆಯ ಮಿ.ಮೀ.ಗಳಲ್ಲಿ ತಲಾ ಎರಡು ಚಿತ್ರ ತೆಗೆಯಿರಿ, ಒಂದು ಪೂರ್ತಿ ತೆರೆದ ಅಪರ್ಚರ್‌ನಲ್ಲಿ, ಇನ್ನೊಂದು ಎಫ್/8ರಲ್ಲಿ. ಜೂಮ್ ಬದಲಿಸಿದಂತೆಲ್ಲ ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸಿ, ಹಾಳೆಗಳು ಮೂಲೆಯಲ್ಲೇ ಉಳಿಯಲಿ.

ಕಂಪ್ಯೂಟರಿನಲ್ಲಿ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ಅಕ್ಷರಗಳನ್ನು ಓದಿ. ತೆರೆದ ಅಪರ್ಚರ್‌ನಲ್ಲಿ ನಾಲ್ಕೂ ಮೂಲೆ ಒಂದೇ ಸಮ ಮೆದುವಾಗಿದ್ದರೆ ಅದು ಸಹಜ. ಒಂದು ಮೂಲೆ ಅಥವಾ ಒಂದು ಪಕ್ಕ ಮಾತ್ರ ಮಸುಕಾಗಿ, ಎಫ್/8ರಲ್ಲೂ ಹಾಗೆಯೇ ಉಳಿದರೆ ಒಳಗಿನ ಗಾಜು ಓರೆಯಾಗಿದೆ. ಆ ಲೆನ್ಸ್ ಬದಲಿಸಿಕೊಳ್ಳಿ. ಮಸುಕಾದ ಪಕ್ಕ ಯಾವುದೆಂದು ಖಚಿತಪಡಿಸಿಕೊಳ್ಳಲು ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ತೆಗೆಯಿರಿ. ಮಸುಕು ಗೋಡೆಯ ಎದುರು ಪಕ್ಕಕ್ಕೆ ಹೋದರೆ ದೋಷ ಲೆನ್ಸಿನದು. ಗೋಡೆಯ ಅದೇ ಜಾಗದಲ್ಲಿ ನಿಂತರೆ ನೀವು ಕ್ಯಾಮೆರಾ ಇಟ್ಟದ್ದೇ ಓರೆ.

ಆಮೇಲೆ ಫೋಕಸ್. ನಡುವಿನ ಹಾಳೆಯನ್ನು ಒಮ್ಮೆ ವ್ಯೂಫೈಂಡರ್ ಮೂಲಕ, ಒಮ್ಮೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು) ಫೋಕಸ್ ಮಾಡಿ ತೆಗೆಯಿರಿ. ಲೈವ್ ವ್ಯೂನದು ಚೂಪಾಗಿದ್ದು ವ್ಯೂಫೈಂಡರ್‌ನದು ಪದೇ ಪದೇ ಮಸುಕಾದರೆ ಲೆನ್ಸ್ ಮತ್ತು ಬಾಡಿಯ ಫೋಕಸ್ ಹೊಂದಾಣಿಕೆ ತಪ್ಪಿದೆ ಎಂದರ್ಥ. ಡಿ7500, 80ಡಿಗಳ ಮೆನುವಿನಲ್ಲೇ ಇದನ್ನು ತಿದ್ದಬಹುದು. ಡಿ5600, 200ಡಿಗಳಲ್ಲಿ ಆ ಸೌಲಭ್ಯವಿಲ್ಲ, ಸರ್ವಿಸ್ ಸೆಂಟರಿಗೆ ಕೊಡಬೇಕು ಅಥವಾ ಬೇರೆ ಲೆನ್ಸ್ ಕೇಳಬೇಕು. ಎಫ್/2.8ರ ಲೆನ್ಸ್ ಕೊಂಡವರು ಈ ಪರೀಕ್ಷೆ ತಪ್ಪಿಸಲೇಬಾರದು.

ಸೆಕೆಂಡ್ ಹ್ಯಾಂಡ್ ಆದರೆ ಇನ್ನಷ್ಟು

ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ. ಜೇಡರ ಬಲೆಯಂತೆ ಕವಲೊಡೆದ ಗೆರೆಗಳು ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬೇಡ. ನಾಲ್ಕಾರು ಧೂಳಿನ ಕಣಗಳು ಇದ್ದೇ ಇರುತ್ತವೆ, ಚಿತ್ರಕ್ಕೆ ಅವುಗಳಿಂದ ತೊಂದರೆಯಿಲ್ಲ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಹೆಚ್ಚು ಕೇಡು. ಲೆನ್ಸನ್ನು ಮುಖ ಕೆಳಗೆ ಮಾಡಿ ಹಿಡಿದಾಗ ಜೂಮ್ ತಾನಾಗಿ ಜಾರಿದರೆ ಸಾಕಷ್ಟು ದುಡಿದ ಲೆನ್ಸ್ ಎಂದು ತಿಳಿದು ಬೆಲೆ ಇಳಿಸಿ ಕೇಳಿ. ಎಫ್/8 ಇಟ್ಟು ಜೂಮಿನ ಈ ತುದಿಯಿಂದ ಆ ತುದಿವರೆಗೆ ಹತ್ತು ಹನ್ನೆರಡು ಚಿತ್ರ ತೆಗೆಯಿರಿ. ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಸುಮ್ಮನಿದ್ದು, ಎಫ್/8ರಲ್ಲಿ ಮಾತ್ರ ಕೆಲವು ಕಡೆ ಕ್ಯಾಮೆರಾ ಎರರ್ ತೋರಿಸಿದರೆ ಅಪರ್ಚರ್‌ಗೆ ಹೋಗುವ ಒಳಗಿನ ಕೇಬಲ್ ಸವೆದಿರುವ ಸಾಧ್ಯತೆ ಹೆಚ್ಚು. ಮೌಂಟಿನ ಸ್ಕ್ರೂಗಳ ತಲೆ ಕೆತ್ತಿದಂತಿದ್ದರೆ ಯಾರೋ ಬಿಚ್ಚಿದ್ದಾರೆ.

7. ಜೊತೆಗೆ ಬೇಕಾದದ್ದು

ಲೆನ್ಸಿನ ಮುಂದೆ ಸಿಕ್ಕಿಸುವ ಹುಡ್ ಕೊಳ್ಳಿ. ಕ್ಯಾನನ್‌ನ ‘ಎಲ್’ ಅಲ್ಲದ ಲೆನ್ಸ್‌ಗಳ ಜೊತೆ ಅದು ಬರುವುದಿಲ್ಲ. 18-135 ಯುಎಸ್‌ಎಂಗೆ ಇಡಬ್ಲ್ಯು-73ಡಿ, ನಿಕಾನ್ 18-140ಕ್ಕೆ ಎಚ್‌ಬಿ-32. ಬಿಸಿಲನ್ನೂ ಅಡ್ಡ ತಗಲುವ ಪೆಟ್ಟನ್ನೂ ಅದು ತಡೆಯುತ್ತದೆ. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಬಳಸುವಾಗ ಮಾತ್ರ ಹುಡ್ ತೆಗೆದಿಡಿ, ಇಲ್ಲವಾದರೆ ಅಗಲದ ಚಿತ್ರಗಳ ಕೆಳಗೆ ಅರ್ಧಚಂದ್ರದ ನೆರಳು ಬೀಳುತ್ತದೆ. ಅಗ್ಗದ ಯುವಿ ಫಿಲ್ಟರ್ ಹಾಕಿ ದೀಪೋತ್ಸವ ತೆಗೆದರೆ ಒಂದೊಂದು ದೀಪಕ್ಕೂ ಒಂದು ಹುಸಿ ದೀಪ ಮೂಡುತ್ತದೆ. ರಾತ್ರಿ ಅದನ್ನು ಬಿಚ್ಚಿಡಿ.

ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಬ್ಯಾಗಿನೊಳಗೆ ಬೀರುವಿನಲ್ಲಿ ಮುಚ್ಚಿಡಬಾರದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಚಿಕ್ಕ ಮೀಟರ್ ಇರಲಿ. ಮೀಟರ್ 40ರಿಂದ 50ರೊಳಗೆ ನಿಲ್ಲಬೇಕು. 60 ದಾಟಿದರೆ, ಇಲ್ಲವೇ ಜೆಲ್‌ನ ಬಣ್ಣ ತಿರುಗಿದರೆ, ಜೆಲ್ ಹೊರತೆಗೆದು ಓವನ್‌ನಲ್ಲಿ 110–120 ಡಿಗ್ರಿಗೆ ಮೊದಲಿನ ಬಣ್ಣ ಮರಳುವವರೆಗೆ ಕಾಯಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಮಳೆಯಲ್ಲಿ ಬಳಸಿ ತಂದ ಲೆನ್ಸನ್ನು ಒರೆಸಿ, ಫ್ಯಾನಿನ ಗಾಳಿಗೆ ಕೆಲವು ಗಂಟೆ ಇಟ್ಟು ಆಮೇಲಷ್ಟೇ ಡಬ್ಬಿಯೊಳಗೆ ಇಡಿ.